ಗ್ರೈಂಡರಿಗೆ ಗರಗಸದ ಹಲ್ಲು ಕಟ್ಟಬೇಡಿ

ನಮ್ಮ ಬಯಲುಸೀಮೆ ಹಳ್ಳಿಗಳಲ್ಲಿ ಈಗ ಆಚಾರರು ಸಿಗುವುದು ಕಷ್ಟ. ಹಿಂದೆ ಎರಡು ಊರಿಗೆ ಒಂದು ಮನೆಯಾದರೂ ಇತ್ತು. ಕೂರಿಗೆಯ ತಾಳು ಮುರಿದರೆ, ನೊಗ ಸೀಳಿದರೆ ಅವರ ಮನೆ ಮುಂದೆ ಹೋಗಿ ಕೂತರೆ ಕೆಲಸ ಆಗುತ್ತಿತ್ತು. ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯ ಒಯ್ಯುತ್ತಿದ್ದರು. ಈಗ ಅವರ ಮಕ್ಕಳು ಪೇಟೆ ಸೇರಿದ್ದಾರೆ. ಬಾಗಿಲು, ಕಪಾಟು, ಪ್ಲೈವುಡ್ಡಿನ ಕೆಲಸ ಅವರಿಗೆ ಕೈತುಂಬ ಇದೆ. ಅದರಲ್ಲಿ ತಪ್ಪೇನಿಲ್ಲ. ಆಯದ ರಾಗಿಯಿಂದ ಯಾರ ಸಂಸಾರವೂ ಈಗ ನಡೆಯೋದಿಲ್ಲ.

ಹೀಗಾಗಿ ಸಣ್ಣಪುಟ್ಟ ಮರಗೆಲಸ ನಮ್ಮ ತಲೆಗೇ ಬಂದಿದೆ. ಕುಂಟೆಯ ದಿಂಡು, ಕುರಿ ರೊಪ್ಪದ ಬಾಗಿಲು, ಗೋದಲಿ, ಮೇವಿನ ಅಟ್ಟ, ಮಂಚದ ಕಾಲು ಎಲ್ಲ ನಾವೇ ಮಾಡಿಕೊಳ್ಳಬೇಕು. ಮರಕ್ಕೆ ಬರ ಇಲ್ಲ. ಬದುವಿನಲ್ಲಿ ಬೇವು, ಹೊಂಗೆ, ಕರಿಜಾಲಿ ಇದ್ದೇ ಇವೆ. ಕೈಗರಗಸದಲ್ಲಿ ಒಣಗಿದ ಜಾಲಿ ಕೊಯ್ಯಲು ಹೋದರೆ ಒಂದು ತುಂಡಿಗೆ ಅರ್ಧ ಗಂಟೆ ಬೇಕು, ರಟ್ಟೆ ಬಿದ್ದುಹೋಗುತ್ತದೆ. ಆಗ ಕಣ್ಣಿಗೆ ಬೀಳುವುದು ಮನೆಯಲ್ಲೇ ಇರುವ ಗ್ರೈಂಡರ್.

ಕಬ್ಬಿಣ ಕೊಯ್ಯುವ ಈ 4 ಇಂಚಿನ ಗ್ರೈಂಡರ್ ಈಗ ಬಹಳ ರೈತರ ಮನೆಯಲ್ಲಿದೆ. ನಮ್ಮ ಕಡೆ ಕಟಿಂಗ್ ಮಿಷನ್ ಅಂತಲೇ ಕರೆಯುತ್ತಾರೆ. ಪೈಪು ತುಂಡು ಮಾಡಲು, ಗುದ್ದಲಿ ಮಸೆಯಲು, ಆಂಗ್ಲರ್ ಕೊಯ್ಯಲು ಒಳ್ಳೆಯ ಸಾಧನ. ಇದಕ್ಕೇ ಮರ ಕೊಯ್ಯುವ ಹಲ್ಲಿನ ಬ್ಲೇಡು ಪೇಟೆಯಲ್ಲಿ ಇನ್ನೂರು ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ಮೊಬೈಲಿನಲ್ಲಿ ಆರ್ಡರ್ ಮಾಡಿದರೆ ಮನೆಗೇ ಬರುತ್ತದೆ. ವಿಡಿಯೋದಲ್ಲಿ ಒಬ್ಬ ಹಲಗೆಯನ್ನು ಬೆಣ್ಣೆ ಕೊಯ್ದ ಹಾಗೆ ಕೊಯ್ದು ತೋರಿಸುತ್ತಾನೆ. ಎರಡು ಸಾವಿರದ ಗ್ರೈಂಡರಿಗೆ ಇನ್ನೂರು ರೂಪಾಯಿ ಸೇರಿಸಿದರೆ ಆಚಾರಿಯೇ ಮನೆಗೆ ಬಂದ ಹಾಗೆ ಅನ್ನಿಸುತ್ತದೆ.

ಈ ಇನ್ನೂರು ರೂಪಾಯಿ ಮಾಲು ನಮ್ಮ ಕೈಗೆ ಏನು ಮಾಡಬಲ್ಲದು ಎಂಬುದನ್ನು ತಿಳಿದಷ್ಟು ಬರೆಯುತ್ತೇನೆ.

ಡಬ್ಬಿಯೊಳಗಿನ ಪುಸ್ತಕ

ಗ್ರೈಂಡರ್ ಕೊಂಡಾಗ ಡಬ್ಬಿಯಲ್ಲಿ ಒಂದು ಸಣ್ಣ ಪುಸ್ತಕ ಬರುತ್ತದೆ. ಹೆಚ್ಚಾಗಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುತ್ತದೆ. ನಮ್ಮಲ್ಲಿ ಅದನ್ನು ಯಾರೂ ಓದುವುದಿಲ್ಲ. ಮಕ್ಕಳ ಕೈಲಿ ಒಮ್ಮೆ ಓದಿಸಿ ನೋಡಿ. ಎಲ್ಲ ಒಳ್ಳೆಯ ತಯಾರಕರ ಪುಸ್ತಕದಲ್ಲೂ ಒಂದು ಮಾತು ಇದ್ದೇ ಇರುತ್ತದೆ. ಈ ಯಂತ್ರಕ್ಕೆ ಗರಗಸದ ಹಲ್ಲಿನ ಬ್ಲೇಡಾಗಲಿ, ಚೈನ್ ಸುತ್ತಿದ ಬ್ಲೇಡಾಗಲಿ ಹಾಕಬಾರದು, ಹಾಕಿದರೆ ಯಂತ್ರ ಪದೇ ಪದೇ ಒದೆಯುತ್ತದೆ, ಹಿಡಿತ ತಪ್ಪುತ್ತದೆ ಎಂದು ಸ್ಪಷ್ಟವಾಗಿ ಬರೆದಿರುತ್ತಾರೆ. ಈ ಸಾಧನಗಳಿಗೆ ಇರುವ ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡದಲ್ಲೇ ಈ ಎಚ್ಚರಿಕೆ ಸೇರಿದೆ.

ಅಂದರೆ ಗ್ರೈಂಡರ್ ಮಾಡಿದವರು ಬೇಡ ಅನ್ನುತ್ತಾರೆ. ಬ್ಲೇಡು ಮಾರುವವನು ಹಾಕಿ ಅನ್ನುತ್ತಾನೆ. ಇಬ್ಬರ ನಡುವೆ ಇರುವುದು ನಮ್ಮ ಕೈ.

ಉಜ್ಜುವುದು ಬೇರೆ, ಕಚ್ಚುವುದು ಬೇರೆ

ಆಂಗಲ್ ಗ್ರೈಂಡರ್ ಮೊದಲು ಹುಟ್ಟಿದ್ದು 1954ರಲ್ಲಿ, ಜರ್ಮನಿಯಲ್ಲಿ. ಕಬ್ಬಿಣದ ಕೆಲಸಕ್ಕೆ ಅಂತಲೇ ಮಾಡಿದ್ದು. ಅದರ ಕಲ್ಲಿನ ಬಿಲ್ಲೆಗೆ ಹಲ್ಲಿಲ್ಲ. ಮರಳಿನಂಥ ಗಟ್ಟಿ ಕಣಗಳನ್ನು ಅಂಟಿನಲ್ಲಿ ಕೂಡಿಸಿರುತ್ತಾರೆ. ಅದು ಕಬ್ಬಿಣವನ್ನು ಉಜ್ಜಿ ಉಜ್ಜಿ ಸವೆಸುತ್ತದೆ, ತಾನೂ ಸವೆಯುತ್ತದೆ. ಅದೂ ಅಪಾಯ ಇಲ್ಲದ್ದಲ್ಲ. ಆದರೆ ಅದು ಕಚ್ಚಿ ಎಳೆಯುವುದಿಲ್ಲ.

ಗರಗಸದ ಹಲ್ಲು ಹಾಗಲ್ಲ. ಒಂದೊಂದು ಹಲ್ಲೂ ಮರವನ್ನು ಕಚ್ಚಿ ಕೀಳುತ್ತದೆ. ಹದವಾದ ಮರ ಇರುವ ತನಕ ಸರಿ. ನಡುವೆ ಒಂದು ಗಂಟು ಬಂದರೆ, ಹಸಿ ಮರ ಕೊಯ್ದ ಸೀಳಿನಲ್ಲೇ ಬಿಗಿದುಕೊಂಡರೆ, ಕೈ ಸ್ವಲ್ಪ ವಾಲಿದರೆ ಹಲ್ಲು ಸಿಕ್ಕಿಕೊಳ್ಳುತ್ತದೆ. ಬ್ಲೇಡು ನಿಲ್ಲುತ್ತದೆ, ಮೋಟಾರು ನಿಲ್ಲುವುದಿಲ್ಲ. ಆ ಬಲ ಎಲ್ಲಿಗೆ ಹೋಗಬೇಕು? ಯಂತ್ರವೇ ಹಿಂದಕ್ಕೆ ಹಾರುತ್ತದೆ. ಇದನ್ನೇ ಒದೆತ ಅನ್ನುವುದು. ಹೊಸ ಹೋರಿ ಒದೆಯುವ ಮೊದಲು ಕಿವಿ ಮಡಚುತ್ತದೆ, ಮೈ ಬಿಗಿ ಮಾಡುತ್ತದೆ, ನಮಗೆ ಗೊತ್ತಾಗುತ್ತದೆ. ಯಂತ್ರ ಯಾವ ಗುರುತನ್ನೂ ಕೊಡುವುದಿಲ್ಲ.

ನಾನು ಓದಿದ್ದು ಏಳನೇ ಕ್ಲಾಸು. ಈ ಲೆಕ್ಕಕ್ಕೆ ಅಷ್ಟು ಸಾಕು. 4 ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 183 ಸುತ್ತು. 10 ಸೆಂಟಿಮೀಟರ್ ಬಿಲ್ಲೆಯ ಸುತ್ತಳತೆ 31 ಸೆಂಟಿಮೀಟರಿಗೆ ಸ್ವಲ್ಪ ಮೇಲೆ. ಗುಣಿಸಿದರೆ ಅದರ ಅಂಚು ಸೆಕೆಂಡಿಗೆ 57 ಮೀಟರ್ ಓಡುತ್ತದೆ. ಗಂಟೆಗೆ 200 ಕಿಲೋಮೀಟರಿಗೂ ಜಾಸ್ತಿ ಆಯಿತು. ನಮ್ಮ ಬಸ್ಸು 60ರಲ್ಲಿ ಹೋದರೆ ಜೋರು ಅನ್ನುತ್ತೇವೆ.

ಮನುಷ್ಯನಿಗೆ ಏನೋ ಆಯಿತು ಅಂತ ಗೊತ್ತಾಗಿ ಕೈ ಹಿಂದೆ ತೆಗೆಯಲು ಕಾಲು ಸೆಕೆಂಡಾದರೂ ಬೇಕು. ಆ ಕಾಲು ಸೆಕೆಂಡಿನಲ್ಲಿ ಬ್ಲೇಡು 45 ಸುತ್ತು ಹಾಕಿರುತ್ತದೆ. 40 ಹಲ್ಲಿನ ಬ್ಲೇಡಾದರೆ 1,800 ಹಲ್ಲು ಒಂದೇ ಜಾಗದಲ್ಲಿ ಹಾದುಹೋಗಿರುತ್ತವೆ. ಅಯ್ಯೋ ಅನ್ನುವುದರೊಳಗೆ ಎಲ್ಲ ಮುಗಿದಿರುತ್ತದೆ. ನನ್ನ ಕೈ ಗಟ್ಟಿ ಇದೆ, ನಾನು ಹುಷಾರಾಗಿ ಹಿಡಿಯುತ್ತೇನೆ ಅನ್ನುವ ಮಾತಿಗೆ ಇಲ್ಲಿ ಬೆಲೆ ಇಲ್ಲ.

ಅಗ್ಗದ ಮಾಲಿನಲ್ಲಿ ಯಾವುದು ಇಲ್ಲ?

ಮರ ಕೊಯ್ಯಲೆಂದೇ ಮಾಡಿದ ಕರೆಂಟಿನ ದುಂಡು ಗರಗಸವನ್ನೂ ಈ ಗ್ರೈಂಡರನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಅಂಚಿನ ವೇಗದಲ್ಲಿ ಎರಡಕ್ಕೂ ದೊಡ್ಡ ಫರಕಿಲ್ಲ. ಇರುವ ಫರಕು ಕೈ ಕಾಯುವ ಭಾಗಗಳಲ್ಲಿ.

ಮೊದಲನೆಯದು ತಳದ ತಗಡು. ದುಂಡು ಗರಗಸದ ಅಡಿಯಲ್ಲಿ ಅಗಲವಾದ ಚಪ್ಪಟೆ ತಗಡು ಇರುತ್ತದೆ. ಅದು ಹಲಗೆಯ ಮೇಲೆ ಕೂರುತ್ತದೆ. ಬ್ಲೇಡು ಆಚೆ ಈಚೆ ವಾಲುವುದಿಲ್ಲ, ಎಷ್ಟು ಆಳ ಇಳಿಯಬೇಕೋ ಅಷ್ಟೇ ಇಳಿಯುತ್ತದೆ. ಗ್ರೈಂಡರನ್ನು ಗಾಳಿಯಲ್ಲೇ ಹಿಡಿಯಬೇಕು. ಯಾರ ಕೈಯೂ ಗಾಳಿಯಲ್ಲಿ ಗೆರೆ ಎಳೆದ ಹಾಗೆ ನೇರ ಹೋಗುವುದಿಲ್ಲ.

ಎರಡನೆಯದು ಮುಚ್ಚುವ ಗಾರ್ಡು. ದುಂಡು ಗರಗಸದ ಕೆಳಗಿನ ಗಾರ್ಡು ಸ್ಪ್ರಿಂಗಿನದು. ಮರದಿಂದ ಮೇಲೆತ್ತಿದ ಕೂಡಲೇ ತಾನೇ ಬಂದು ಬ್ಲೇಡನ್ನು ಮುಚ್ಚುತ್ತದೆ. ಗ್ರೈಂಡರಿನ ಗಾರ್ಡು ಅರ್ಧ ಮಾತ್ರ ಮುಚ್ಚುತ್ತದೆ. ಅದೂ ಕಿಡಿ, ಕಲ್ಲಿನ ಚೂರು ನಮ್ಮ ಕಡೆ ಹಾರದಿರಲಿ ಅಂತ ಇರುವುದು. ಇನ್ನೂ ಒಂದು ತೊಂದರೆ ಇದೆ. ಪೇಟೆಯಲ್ಲಿ 4 ಇಂಚು ಅಂತ ಕೊಡುವ ಮರದ ಬ್ಲೇಡು ಅನೇಕ ಸಲ 110 ಮಿಲಿಮೀಟರ್ ಇರುತ್ತದೆ. ಗ್ರೈಂಡರಿನ ಗಾರ್ಡು 100 ಮಿಲಿಮೀಟರಿನದು. ಬ್ಲೇಡು ಗಾರ್ಡಿಗೆ ತಾಗುತ್ತದೆ. ಆಗ ಎಲ್ಲರೂ ಮಾಡುವ ಕೆಲಸ ಗಾರ್ಡನ್ನೇ ಬಿಚ್ಚಿ ಮೂಲೆಗೆ ಎಸೆಯುವುದು. ಇದ್ದ ಅರ್ಧವೂ ಹೋಯಿತು.

ಮೂರನೆಯದು ತೂತಿನ ಅಳತೆ. 4 ಇಂಚಿನ ಗ್ರೈಂಡರಿಗೆ 16 ಮಿಲಿಮೀಟರ್ ತೂತಿನ ಬಿಲ್ಲೆ ಕೂರುತ್ತದೆ. 110ರ ಬ್ಲೇಡಿನ ತೂತು ಸಾಮಾನ್ಯವಾಗಿ 20 ಮಿಲಿಮೀಟರ್. ನಡುವೆ ಉಂಗುರ ಹಾಕಬೇಕು. ಉಂಗುರ ಸಡಿಲವಿದ್ದರೆ, ಇಲ್ಲವೇ ಉಂಗುರವನ್ನೇ ಹಾಕದೆ ನಟ್ಟು ಬಿಗಿದರೆ ಬ್ಲೇಡು ನಡುವಿಗೆ ಕೂರುವುದಿಲ್ಲ, ಅಲ್ಲಾಡುತ್ತ ತಿರುಗುತ್ತದೆ. ಸೆಕೆಂಡಿಗೆ 183 ಸಲ ಅಲ್ಲಾಡುವ ಬ್ಲೇಡಿನ ನಟ್ಟು ಎಷ್ಟು ಹೊತ್ತು ಬಿಗಿಯಾಗಿ ಇದ್ದೀತು?

ನಾಲ್ಕನೆಯದು ಸ್ವಿಚ್ಚು. ದುಂಡು ಗರಗಸಕ್ಕೆ ಬೆರಳಿನಲ್ಲಿ ಒತ್ತಿ ಹಿಡಿಯುವ ಸ್ವಿಚ್ಚು ಇರುತ್ತದೆ. ಕೈ ಬಿಟ್ಟರೆ ಕರೆಂಟು ಕಟ್ಟು. ಅಗ್ಗದ ಗ್ರೈಂಡರಿನದು ಮುಂದಕ್ಕೆ ತಳ್ಳಿದರೆ ಅಲ್ಲೇ ಕೂತುಬಿಡುವ ಸ್ವಿಚ್ಚು. ಯಂತ್ರ ಕೈಯಿಂದ ಹಾರಿ ನೆಲಕ್ಕೆ ಬಿದ್ದರೂ ತಿರುಗುತ್ತಲೇ ಇರುತ್ತದೆ. ಆಫ್ ಮಾಡಿದ ಮೇಲೂ ಕೆಲವು ಸೆಕೆಂಡು ತಿರುಗುತ್ತದೆ. ಆ ಹೊತ್ತಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಪಂಚೆಗೆ ಸುತ್ತಿಸಿಕೊಂಡವರಿದ್ದಾರೆ.

ಈ ನಾಲ್ಕನ್ನೂ ಬಿಟ್ಟಿದ್ದರಿಂದಲೇ ಅದು ಅಗ್ಗ. ಉಳಿದ ಎರಡು ಮೂರು ಸಾವಿರ ರೂಪಾಯಿ ಎಲ್ಲಿಂದ ಉಳಿಯಿತು ಅಂತ ಕೇಳಿದರೆ ಉತ್ತರ ಇಷ್ಟೇ. ನಮ್ಮ ಬೆರಳು ಕಾಯುವ ಭಾಗಗಳಿಂದ ಉಳಿಯಿತು.

ಕರೆಂಟು ಹೋಗಿ ಬಂದರೆ

ಇದು ನಮ್ಮ ಹಳ್ಳಿಗಳಿಗೇ ಸೇರಿದ ಅಪಾಯ. ಕೊಯ್ಯುತ್ತಿರುವಾಗ ಕರೆಂಟು ಹೋಗುತ್ತದೆ. ಯಂತ್ರ ನಿಲ್ಲುತ್ತದೆ. ಹೋಯಿತಲ್ಲ ಅಂತ ಕೆಳಗಿಟ್ಟು ನೀರು ಕುಡಿಯಲು ಹೋಗುತ್ತೇವೆ, ಇಲ್ಲವೇ ಬ್ಲೇಡಿಗೆ ಸಿಕ್ಕ ಚೂರು ತೆಗೆಯಲು ಕೈ ಹಾಕುತ್ತೇವೆ. ಸ್ವಿಚ್ಚು ಮುಂದೆ ತಳ್ಳಿದ್ದು ತಳ್ಳಿದ ಹಾಗೇ ಇರುತ್ತದೆ. ಲೈನು ಯಾವಾಗ ಬರುತ್ತದೆ ಅಂತ ಯಾರು ಹೇಳಬೇಕು? ಬಂದ ಕೂಡಲೇ ಯಂತ್ರ ತಾನಾಗಿ ಎದ್ದು ನೆಲದ ಮೇಲೆ ಹಾವಿನ ಹಾಗೆ ಓಡುತ್ತದೆ. ನಮ್ಮೂರಿನಲ್ಲೇ ಒಬ್ಬರ ಅಂಗಳದಲ್ಲಿ ಹೀಗೆ ಆಗಿ ಪಕ್ಕದಲ್ಲಿ ಕಟ್ಟಿದ್ದ ಕರುವಿನ ಕಾಲು ಸೀಳಿತು. ಅಲ್ಲಿ ಕೂಸು ಆಡುತ್ತಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ.

ಒಳ್ಳೆಯ ಯಂತ್ರಗಳಲ್ಲಿ ಕರೆಂಟು ಹೋಗಿ ಬಂದರೆ ತಾನಾಗಿ ಶುರುವಾಗದಂತೆ ತಡೆ ಇರುತ್ತದೆ. ಅಗ್ಗದ್ದರಲ್ಲಿ ಇರುವುದಿಲ್ಲ. ಯಾವ ಯಂತ್ರವಾದರೂ ಸರಿ, ಕರೆಂಟು ಹೋದ ತಕ್ಷಣ ಮೊದಲು ಸ್ವಿಚ್ಚು ಆಫ್, ಆಮೇಲೆ ಪ್ಲಗ್ಗು ಹೊರಗೆ. ಇದನ್ನು ಮನೆಯವರೆಲ್ಲ ಕಲಿತಿರಬೇಕು.

ಚೈನ್ ಕಟ್ಟುವ ಚೌಕಟ್ಟು ಇನ್ನೂ ಕೆಟ್ಟದ್ದು

ಹಲ್ಲಿನ ಬಿಲ್ಲೆ ಸಾಲದು ಅಂತ ಈಗ ಇನ್ನೊಂದು ಮಾಲು ಬಂದಿದೆ. ಗ್ರೈಂಡರಿನ ಕುತ್ತಿಗೆಗೆ ಒಂದು ಪಟ್ಟಿ ಬಿಗಿದು, ಒಂದು ಅಡಿ ಉದ್ದದ ಬಾರು, ಚೈನು ಕಟ್ಟಿದರೆ ಗ್ರೈಂಡರೇ ಮರ ಕಡಿಯುವ ಚೈನ್ ಗರಗಸ ಆಗುತ್ತದಂತೆ. ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಕೊಡುತ್ತಾರೆ.

ನಿಜವಾದ ಚೈನ್ ಗರಗಸದಲ್ಲಿ ಮುಂದಿನ ಹಿಡಿಯ ಎದುರಿಗೆ ಒಂದು ಅಡ್ಡ ತಡೆ ಇರುತ್ತದೆ. ಗರಗಸ ಒದ್ದಾಗ ಅದು ಮುಂದಕ್ಕೆ ಮಗುಚಿ ಬ್ರೇಕು ಬಿಗಿದು ಚೈನನ್ನು ಕ್ಷಣದಲ್ಲಿ ನಿಲ್ಲಿಸುತ್ತದೆ. ಚೈನು ಕಡಿದರೆ ಹಿಡಿಯಲು ಅಡಿಯಲ್ಲಿ ಒಂದು ಕೊಕ್ಕೆ ಇರುತ್ತದೆ. ಬಾರಿಗೆ ಎಣ್ಣೆ ತಾನೇ ಹೋಗುತ್ತದೆ. ಎರಡು ಕೈಯಲ್ಲಿ ಗಟ್ಟಿಯಾಗಿ ಹಿಡಿಯಲು ಎರಡು ಹಿಡಿ ಇರುತ್ತವೆ. ಗ್ರೈಂಡರಿಗೆ ಕಟ್ಟಿದ ಚೌಕಟ್ಟಿನಲ್ಲಿ ಬ್ರೇಕು ಇಲ್ಲ, ಕೊಕ್ಕೆ ಇಲ್ಲ, ಕೈಗೆ ತಡೆ ಇಲ್ಲ. ಸ್ವಿಚ್ಚು ಅದೇ ತಳ್ಳಿದರೆ ಕೂರುವ ಸ್ವಿಚ್ಚು.

ಚೈನ್ ಗರಗಸದ ತುದಿಯ ಮೇಲ್ಭಾಗ ಬಹಳ ಕೆಟ್ಟ ಜಾಗ. ಅದು ಕೊಂಬೆಗೋ ಇನ್ನೊಂದು ತುಂಡಿಗೋ ತಾಗಿದರೆ ಬಾರು ಮೇಲಕ್ಕೆ, ನಮ್ಮ ಮುಖದ ಕಡೆಗೆ ಎಗರುತ್ತದೆ. ಬ್ರೇಕು ಇದ್ದವರಿಗೇ ಅಪಾಯ ತಪ್ಪಿದ್ದಲ್ಲ. ಬ್ರೇಕು ಇಲ್ಲದೆ ಕುತ್ತಿಗೆ ಒಡ್ಡುವುದು ಯಾವ ಜಾಣತನ?

ಸಣ್ಣ ಬಿಲ್ಲೆಯ ಸುತ್ತ ಚೈನು ಸುತ್ತಿದ ಇನ್ನೊಂದು ಬಗೆಯೂ ಇದೆ. ಮರ ಕೆತ್ತುವುದಕ್ಕೆ ಅಂತ ಮಾರುತ್ತಾರೆ. ಗ್ರೈಂಡರಿನ ಪುಸ್ತಕದಲ್ಲಿ ಹೆಸರು ಹೇಳಿ ಬೇಡ ಅಂದಿರುವುದು ಇಂಥದ್ದನ್ನೇ.

ಕಳೆ ಕತ್ತರಿಸುವ ಯಂತ್ರಕ್ಕೂ ಇದೇ ಮಾತು

ಹೆಗಲಿಗೆ ಹಾಕುವ ಕಳೆ ಯಂತ್ರ ಇರುವವರು ಬಳ್ಳಾರಿ ಜಾಲಿ ಸವರಲು ಅದಕ್ಕೆ ಸಿಕ್ಕಿದ ಬ್ಲೇಡು ಹಾಕುತ್ತಿದ್ದಾರೆ. ಯಂತ್ರದ ಕಂಪನಿಯೇ ಕೊಟ್ಟ ಗರಗಸದ ಬ್ಲೇಡು, ಅದಕ್ಕೆ ತಕ್ಕ ಗಾರ್ಡು, ಎರಡು ಹಿಡಿ, ಹೆಗಲ ಪಟ್ಟಿ ಇದ್ದರೆ ಸಣ್ಣ ಗಿಡಕ್ಕೆ ಅಡ್ಡಿಯಿಲ್ಲ. ಆದರೆ ಸರಪಳಿ ತುಂಡುಗಳನ್ನು ಜೋಡಿಸಿದ ತಲೆ ಒಂದು ಬರುತ್ತದೆ. ಅದನ್ನು ಮುಟ್ಟಲೇಬಾರದು. ತಿರುಗುವ ರಭಸಕ್ಕೆ ಕೊಂಡಿ ಕಡಿದರೆ ಗುಂಡಿನ ಹಾಗೆ ಹಾರುತ್ತದೆ. ಹಿಡಿದವನಿಗಿಂತ ದೂರದಲ್ಲಿ ನಿಂತವರಿಗೇ ಬಡಿಯಬಹುದು. ಯುರೋಪಿನ ಒಕ್ಕೂಟ 2012ರ ಜನವರಿಯಲ್ಲಿ ಇಂಥ ಕೊಂಡಿ ಜೋಡಿಸಿದ ಲೋಹದ ತಲೆಗಳನ್ನು ಮಾರಲು ಬಿಡಬಾರದು ಅಂತ ತನ್ನ ದೇಶಗಳಿಗೆಲ್ಲ ಆದೇಶ ಮಾಡಿತು. ಅಲ್ಲಿ ಬೇಡವಾದ ಮಾಲು ಇಲ್ಲಿ ಹೆಸರಿಲ್ಲದ ಡಬ್ಬಿಯಲ್ಲಿ ಬಂದರೆ ನಾವು ಕೊಳ್ಳಬೇಕಾಗಿಲ್ಲ.

ಬೆರಳಿನ ಬೆಲೆ

ಮೂರು ವರ್ಷದ ಹಿಂದೆ ನಮ್ಮ ಪಕ್ಕದ ಊರಿನ ಹುಡುಗನೊಬ್ಬ ಕುರಿಗಳಿಗೆ ಗೋದಲಿ ಮಾಡಲು ಹಳೆ ಬಾಗಿಲಿನ ಹಲಗೆ ಕೊಯ್ಯುತ್ತಿದ್ದ. ಹಲಗೆಯನ್ನು ಕಾಲಲ್ಲಿ ಮೆಟ್ಟಿ ಎಡಗೈಯಲ್ಲಿ ಒತ್ತಿ ಹಿಡಿದಿದ್ದ. ಬಲಗೈಯಲ್ಲಿ ಹಲ್ಲು ಕಟ್ಟಿದ ಗ್ರೈಂಡರ್. ಹಲಗೆಯೊಳಗೆ ಮುರಿದ ಮೊಳೆ ಇತ್ತು. ಬ್ಲೇಡು ಮೊಳೆಗೆ ತಾಗಿ ಒದ್ದು ಎಡಗೈ ಹೆಬ್ಬೆರಳಿನ ಬುಡಕ್ಕೆ ಹೋಯಿತು. ಬೆರಳು ಉಳಿದಿದೆ. ಆದರೆ ನರ, ನಾರು ಕಡಿದು ಈಗ ಅದು ಮಡಚುವುದಿಲ್ಲ. ಆಪರೇಷನ್ನಿಗೆ, ಓಡಾಟಕ್ಕೆ ಎಂಟು ಕುರಿ ಮಾರಿದರು.

ಹೆಬ್ಬೆರಳು ಮಡಚದಿದ್ದರೆ ಹಾಲು ಕರೆಯಲು ಆಗುವುದಿಲ್ಲ. ಕುಡುಗೋಲು ನಿಲ್ಲುವುದಿಲ್ಲ. ಹಗ್ಗದ ಗಂಟು ಬಿಗಿಯುವುದಿಲ್ಲ. ಕೂರಿಗೆ ಬಟ್ಟಲಿಗೆ ಕಾಳು ಬಿಡುವ ಕೈಯನ್ನು ನೋಡಿ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಕಾಳು ಹದವಾಗಿ ಜಾರಬೇಕು. ಆ ಹದ ಯಂತ್ರದಲ್ಲಿ ಇಲ್ಲ, ಬೆರಳಲ್ಲಿ ಇದೆ. ಮಳೆ ಬಂದ ಮೂರು ನಾಲ್ಕು ದಿನದಲ್ಲಿ ಬಿತ್ತನೆ ಮುಗಿಯಬೇಕಾದ ನಮ್ಮಂಥವರಿಗೆ ಆ ವಾರ ಕೈಗೆ ಬ್ಯಾಂಡೇಜು ಇದ್ದರೆ ವರ್ಷವೇ ಹೋಯಿತು. ಕೈ ಕೆಸರಾದರೆ ಬಾಯಿ ಮೊಸರು ಅಂತ ಹಿರಿಯರು ಹೇಳಿದರು. ಕೆಸರಾಗಲು ಕೈ ಇರಬೇಕಲ್ಲ.

ವಿಮೆ ಇದೆಯಲ್ಲ ಅನ್ನಬಹುದು. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟಿಸಿಕೊಳ್ಳುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ 2015ರಿಂದ ಇದೆ. ಒಳ್ಳೆಯದೇ, ಎಲ್ಲರೂ ಮಾಡಿಸಿಕೊಳ್ಳಿ. ಅಪಘಾತದಲ್ಲಿ ಸತ್ತರೆ 2 ಲಕ್ಷ. ಒಂದು ಕೈ, ಒಂದು ಕಾಲು ಇಲ್ಲವೇ ಒಂದು ಕಣ್ಣು ಪೂರ್ತಿ ಹೋದರೆ 1 ಲಕ್ಷ. ಒಂದು ಬೆರಳು, ಎರಡು ಬೆರಳು ಹೋದವರ ಹೆಸರು ಆ ಪಟ್ಟಿಯಲ್ಲಿ ಬರುವುದಿಲ್ಲ. ಮರದ ಕೆಲಸದಲ್ಲಿ ಹೋಗುವುದು ಹೆಚ್ಚಾಗಿ ಬೆರಳೇ.

ಹಾಗಾದರೆ ಏನು ಮಾಡಬೇಕು?

ಯಂತ್ರವೇ ಬೇಡ ಅಂತ ನಾನು ಹೇಳುತ್ತಿಲ್ಲ. ಕೆಲಸಕ್ಕೆ ತಕ್ಕ ಯಂತ್ರ ಇರಲಿ ಅಂತ ಅಷ್ಟೇ.

ವರ್ಷಕ್ಕೆ ನಾಲ್ಕು ತುಂಡು ಕೊಯ್ಯುವವರಿಗೆ ಒಳ್ಳೆಯ ಕೈಗರಗಸ, ಬಾಚಿ, ಉಳಿ ಸಾಕು. ಗರಗಸದ ಹಲ್ಲನ್ನು ಮೂರು ಮೂಲೆ ಅರದಲ್ಲಿ ಉಜ್ಜಿ, ಒಂದು ಬಿಟ್ಟು ಒಂದನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಬಗ್ಗಿಸಿಕೊಂಡರೆ ಅರ್ಧ ಗಂಟೆಯ ಕೆಲಸ ಹತ್ತು ನಿಮಿಷಕ್ಕೆ ಬರುತ್ತದೆ. ಜಾಲಿಯನ್ನು ಪೂರ್ತಿ ಒಣಗುವ ಮೊದಲೇ ಅಳತೆಗೆ ಕೊಯ್ದು ನೆರಳಲ್ಲಿ ಒಣಗಿಸಿದರೆ ಕೈಗರಗಸಕ್ಕೂ ಬಗ್ಗುತ್ತದೆ.

ತೆಳು ಹಲಗೆ, ಪ್ಲೈವುಡ್ಡು ಕೊಯ್ಯುವವರಿಗೆ ಜಿಗ್ ಸಾ ಸಾಕು. ಅದರ ಸಣ್ಣ ಬ್ಲೇಡು ಮೇಲೆ ಕೆಳಗೆ ಆಡುತ್ತದೆ, ತಳದಲ್ಲಿ ತಗಡು ಇದೆ. ಅದೂ ಬೆರಳು ಕೊಯ್ಯಬಲ್ಲದು. ಆದರೆ ದುಂಡು ಬ್ಲೇಡಿನ ಹಾಗೆ ಹಿಂದಕ್ಕೆ ಹಾರುವುದಿಲ್ಲ. ಬೆಲೆಯೂ ಒಂದು ಗ್ರೈಂಡರಿನಷ್ಟೇ.

ಕೆಲಸ ಜಾಸ್ತಿ ಇರುವವರಿಗೆ ದುಂಡು ಗರಗಸವೇ ಸರಿ. 7 ಇಂಚಿನದು ನಾಲ್ಕು ಐದು ಸಾವಿರದಿಂದ ಶುರು. ಒಬ್ಬರಿಗೆ ಭಾರ ಆದರೆ ಐದು ಮನೆ ಸೇರಿ ಒಂದು ತೆಗೆಯಲಿ, ತಲಾ ಸಾವಿರ ಬೀಳುತ್ತದೆ. ಸ್ಪ್ರೇಯರು, ಒಕ್ಕಣೆ ಯಂತ್ರ ಹಾಗೆ ಇಟ್ಟುಕೊಳ್ಳುವುದಿಲ್ಲವೇ? ಇದರ ಗಾರ್ಡನ್ನೂ ಬೆಣೆ ಹೊಡೆದು ಮೇಲೆ ಕಟ್ಟಬೇಡಿ. ಕಟ್ಟಿದರೆ ಗ್ರೈಂಡರಿಗೂ ಇದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಕಲ್ಲು ಕೊಯ್ಯುವ ಕಟರಿಗೆ ತಳದ ತಗಡು ಇದೆ ಅಂತ ಅದಕ್ಕೆ ಮರದ ಬ್ಲೇಡು ಹಾಕುವವರಿದ್ದಾರೆ. ತಗಡು ಇದೆ ನಿಜ, ಕೆಳಗಿನ ಮುಚ್ಚುವ ಗಾರ್ಡು ಇಲ್ಲ. ಅದು ದುಂಡು ಗರಗಸಕ್ಕೆ ಸಮ ಅಲ್ಲ.

ದೊಡ್ಡ ದಿಮ್ಮಿಗೆ ಪೇಟೆಯ ಸಾಮಿಲ್ಲೇ ಲೇಸು. ಹತ್ತು ಜನರ ಮರ ಒಟ್ಟಿಗೆ ಟ್ರಾಕ್ಟರಿನಲ್ಲಿ ಒಯ್ದರೆ ಬಾಡಿಗೆ ಹಗುರ.

ಗ್ರೈಂಡರನ್ನು ಮರಕ್ಕೆ ಮುಟ್ಟಿಸಲೇಬಾರದು ಅಂತಿಲ್ಲ. ಉಪ್ಪುಕಾಗದದ ಬಿಲ್ಲೆ ಹಾಕಿ, ಗಾರ್ಡು ಇಟ್ಟುಕೊಂಡು, ಮೂಗಿಗೆ ಬಟ್ಟೆ ಕಟ್ಟಿ ನಯ ಮಾಡಬಹುದು. ಹಲ್ಲಿನದು, ಚೈನಿನದು ಮಾತ್ರ ಬೇಡ.

ಯಾವ ಗರಗಸ ಹಿಡಿದರೂ ಇಷ್ಟು ನೆನಪಿರಲಿ:

- ಬ್ಲೇಡಿನ ಮೇಲೆ ಹೆಚ್ಚೆಂದರೆ ಎಷ್ಟು ಸುತ್ತು ತಡೆಯುತ್ತದೆ ಎಂದು ಬರೆದಿರುತ್ತದೆ. ಯಂತ್ರದ ಸುತ್ತು ಅದಕ್ಕಿಂತ ಜಾಸ್ತಿ ಇರಬಾರದು. ಏನೂ ಬರೆದಿಲ್ಲದ ಬ್ಲೇಡು ಕೊಳ್ಳಲೇಬೇಡಿ. 7 ಇಂಚಿನ ಬ್ಲೇಡನ್ನು ಸಣ್ಣ ಗ್ರೈಂಡರಿಗೆ ಕಟ್ಟಿದರೆ ಅದರ ಅಂಚು ಸೆಕೆಂಡಿಗೆ 100 ಮೀಟರ್ ದಾಟುತ್ತದೆ. ಬೆಸೆದ ಹಲ್ಲು ಕಿತ್ತು ಹಾರಬಹುದು.

- ಮರವನ್ನು ಕಾಲಲ್ಲಿ ಮೆಟ್ಟಬೇಡಿ. ಬೆಂಚಿಗೆ ಕ್ಲಾಂಪು ಹಾಕಿ ಬಿಗಿಯಿರಿ. ಎರಡೂ ಕೈ ಯಂತ್ರದ ಮೇಲಿರಲಿ. ಎರಡು ಕೈಯೂ ಹಿಡಿಯ ಮೇಲಿದ್ದರೆ ಬ್ಲೇಡಿನ ದಾರಿಯಲ್ಲಿ ಬೆರಳು ಇರುವುದಿಲ್ಲ.

- ಕೊಯ್ದು ಬೀಳುವ ಕಡೆಯ ತುಂಡು ತಾನಾಗಿ ಕೆಳಗೆ ಬೀಳುವ ಹಾಗಿರಲಿ. ಎರಡು ತುದಿಗೂ ಆಸರೆ ಕೊಟ್ಟು ನಡುವೆ ಕೊಯ್ದರೆ ಸೀಳು ಮುಚ್ಚಿಕೊಂಡು ಬ್ಲೇಡನ್ನು ಹಿಡಿಯುತ್ತದೆ.

- ಹಳೆ ಮರವಾದರೆ ಮೊದಲು ಮೊಳೆ ಹುಡುಕಿ. ಅಯಸ್ಕಾಂತ ಸವರಿದರೆ ಗೊತ್ತಾಗುತ್ತದೆ.

- ಕೊರಳಿಗೆ ಟವೆಲು, ಸಡಿಲ ತೋಳು, ಇಳಿಬಿಟ್ಟ ಪಂಚೆ, ನೂಲಿನ ಕೈಚೀಲ ಬೇಡ. ಬ್ಲೇಡು ನೂಲನ್ನು ಹಿಡಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಕಣ್ಣಿಗೆ ಕನ್ನಡಕ ಮಾತ್ರ ಬೇಕೇ ಬೇಕು.

- ಬ್ಲೇಡು ಬದಲಿಸುವಾಗ ಪ್ಲಗ್ಗು ಕಿತ್ತು ಕಣ್ಣ ಮುಂದೆ ಇಟ್ಟುಕೊಳ್ಳಿ.

- ಬ್ಲೇಡಿನ ಗೆರೆಯಲ್ಲಿ ನೇರ ಹಿಂದೆ ನಿಲ್ಲಬೇಡಿ. ಒಂದು ಪಕ್ಕಕ್ಕೆ ನಿಲ್ಲಿ. ಮಕ್ಕಳು, ದನಕರು ದೂರ ಇರಲಿ.

- ಕುಡಿದವರು, ನಿದ್ದೆಗೆಟ್ಟವರು ಹಿಡಿಯಬಾರದು. ರಾತ್ರಿ ನೀರು ಕಟ್ಟಿ ಬಂದ ಬೆಳಗ್ಗೆ ಮರ ಕೊಯ್ಯುವ ಕೆಲಸ ಇಟ್ಟುಕೊಳ್ಳಬೇಡಿ.

ಏಟು ಬಿದ್ದರೆ

ಎಷ್ಟು ಹುಷಾರಿದ್ದರೂ ಏಟು ಬೀಳಬಹುದು. ಆಗ ಅರಿಶಿನ, ಕಾಫಿಪುಡಿ, ಸುಣ್ಣ, ಡೀಸೆಲ್ ಏನನ್ನೂ ಹಾಕಬೇಡಿ. ಒಗೆದ ಬಟ್ಟೆಯನ್ನು ಗಾಯದ ಮೇಲೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಕೈಯನ್ನು ಎದೆಗಿಂತ ಮೇಲೆ ಎತ್ತಿ. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು ಇಡಿ. ಕಿತ್ತು ನೋಡಬೇಡಿ. 108ಕ್ಕೆ ಫೋನು ಮಾಡಿ. ಗಾಡಿ ತಡವಾಗುವಂತಿದ್ದರೆ ಸಿಕ್ಕಿದ ವಾಹನದಲ್ಲಿ ಹೊರಡಿ.

ಬೆರಳು ತುಂಡಾಗಿ ಬಿದ್ದಿದ್ದರೆ ಎಸೆಯಬೇಡಿ. ಶುದ್ಧ ನೀರಿನಲ್ಲಿ ಧೂಳು ಹೋಗುವಷ್ಟು ತೊಳೆಯಿರಿ, ಉಜ್ಜಬೇಡಿ. ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿ ಇಡಿ. ಬೆರಳಿಗೆ ಮಂಜುಗಡ್ಡೆ ನೇರ ತಾಗಬಾರದು, ತಾಗಿದರೆ ಮಾಂಸ ಸತ್ತುಹೋಗುತ್ತದೆ. ಅಂಗಡಿಯ ಐಸ್‌ಕ್ಯಾಂಡಿ ಡಬ್ಬದ ಮಂಜುಗಡ್ಡೆಯಾದರೂ ಸರಿ. ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು. ಬೆರಳು ಜೋಡಿಸುವ ಆಪರೇಷನ್ನು ಎಲ್ಲ ಆಸ್ಪತ್ರೆಯಲ್ಲೂ ಆಗುವುದಿಲ್ಲ. ಆದ್ದರಿಂದ ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ನಿಲ್ಲಿಸಿ, ಧನುರ್ವಾಯುವಿನ ಇಂಜೆಕ್ಷನ್ ಆದ ಕೂಡಲೇ ಮುಂದೆ ಯಾವ ದೊಡ್ಡ ಆಸ್ಪತ್ರೆಗೆ ಹೋಗಬೇಕು ಅಂತ ಡಾಕ್ಟರನ್ನೇ ಕೇಳಿ ಹೊರಡಿ.

ಅಂಗಡಿಯವರಿಗೆ ಒಂದು ಮಾತು

ಅಂಗಡಿಯವರು ನಮ್ಮವರೇ. ಬ್ಲೇಡು ಕೇಳಿದವರಿಗೆ ಯಾವ ಯಂತ್ರಕ್ಕೆ ಅಂತ ಒಂದು ಮಾತು ಕೇಳಿ. ಗ್ರೈಂಡರಿಗೆ ಅಂದರೆ ಕೊಡಬೇಡಿ. ಕೀಟನಾಶಕದ ಡಬ್ಬಿಯ ಮೇಲೆ ಕೆಂಪು, ಹಳದಿ ತ್ರಿಕೋನ ಇರುವ ಹಾಗೆ ಈ ಬ್ಲೇಡುಗಳ ಮೇಲೂ ಕನ್ನಡದಲ್ಲಿ ಎರಡು ಸಾಲು ಎಚ್ಚರಿಕೆ ಇದ್ದರೆ ಎಷ್ಟೋ ಕೈಗಳು ಉಳಿಯುತ್ತವೆ. ಮಾಡುವವರು ಯಾವಾಗ ಮಾಡುತ್ತಾರೋ, ಅಲ್ಲಿಯ ತನಕ ನಾವೇ ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು.

ಈ ಸಂಚಿಕೆ ಓದಿದವರು ಒಂದು ಕೆಲಸ ಮಾಡಿ. ಮನೆಯ ಗ್ರೈಂಡರಿನಲ್ಲಿ ಈಗ ಯಾವ ಬಿಲ್ಲೆ ಇದೆ, ಗಾರ್ಡು ಎಲ್ಲಿದೆ ನೋಡಿ. ಹಲ್ಲಿನ ಬ್ಲೇಡು ಇದ್ದರೆ ಬಿಚ್ಚಿ ಎತ್ತಿಡಿ. ಮೂಲೆಯಲ್ಲಿ ಬಿದ್ದ ಗಾರ್ಡನ್ನು ಒರೆಸಿ ಮತ್ತೆ ಬಿಗಿಯಿರಿ. ಹತ್ತು ನಿಮಿಷದ ಕೆಲಸ. ನಿಮ್ಮ ಊರಿನಲ್ಲಿ ಗರಗಸವನ್ನು ಹಂಚಿಕೊಂಡು ಇಟ್ಟುಕೊಂಡವರಿದ್ದರೆ, ಮರವನ್ನು ಬಿಗಿಯಲು ಮನೆಯಲ್ಲೇ ಒಳ್ಳೆಯ ಬೆಂಚು ಮಾಡಿಕೊಂಡವರಿದ್ದರೆ ಅಳತೆ ಸಮೇತ ಪತ್ರಿಕೆಗೆ ಬರೆಯಿರಿ. ಉಳಿದವರಿಗೂ ಉಪಯೋಗ ಆಗಲಿ.